ಗಾಜಿನ ತಳದ ಬಕೆಟ್ಟು

ಈಸಾಕ ಬರಂಗಿಲ್ಲ ನನಗ.
ಹನ್ನೊಂದು ವರ್ಷ ಆತು ದೋಣಿ ಹತ್ತಿ, ಆದರೂ.
ಬಯಣಾ ದಂಡಿಯಿಂದ ದ್ವೀಪದ ಮಗ್ಗಲಿಗೆ ಮುಕ್ಕಾಲು ತಾಸು;
ಲಂಗರು ಎಸಿಯಾಂವ ನಾನು, ಜಾಕೀಟಿನ ಪಟ್ಟಿ ಬಿಗಿಯಾಂವ ನಾನು,
ಹೊಟ್ಟಿ ತೊಳಸಿದವರಿಗೆ ಲಿಂಬಿಹಣ್ಣು ಕೊಡಾಂವನೂ ನಾನ.

ನೀರಿಗೆ ಇಳಿಯದವರು ಪ್ರತಿ ಸಲ ಇರತಾರ,
ಮೊಣಕಾಲು ನೋವಿನ ಅತ್ತಿ, ಬಸುರಿ ಹೆಂಗಸು, ಅಂಜುಬುರುಕ ಅಪ್ಪ.
ಅವರ ಸಲುವಾಗಿ ಮಾಡೀನಿ ಇದನ್ನ:
ಡಿಸ್ಟೆಂಪರಿನ ಖಾಲಿ ಬಕೆಟ್ಟು, ತಳ ಕೊಯ್ದು,
ಗಾಜು ಕೂಡಿಸಿದ್ದು. ಹೊರಗ ಇನ್ನೂ ಬರದೈತಿ:
ಇಪ್ಪತ್ತು ಲೀಟರ್. ಐದು ವರ್ಷ ಬಣ್ಣ ಮಾಸುವುದಿಲ್ಲ.

ನೀರಮ್ಯಾಲೆ ಒತ್ತಿ ಹಿಡೀರಿ, ಮಾರಿ ಒಳಗ ಹಾಕ್ರಿ, ಅಂತೀನಿ.
ಮೊದಲ ಏನೂ ಕಾಣಂಗಿಲ್ಲ. ಹಸರು ಮಬ್ಬು.
ಆಮ್ಯಾಲೆ ಯಾರರ ಒಬ್ಬರು, ಬಹಳ ಸಲ ಸಣ್ಣವರು,
'ಕಲ್ಲು ಉಸರಾಡಾಕತ್ತೈತಿ!' ಅಂತ ಚೀರತಾರ.

ಕಲ್ಲಲ್ಲ. ಹವಳ. ಗಿಡಾನೂ ಅಲ್ಲ.
ಸಾಸಿವಿ ಕಾಳಿನಂಥ ಜೀವ, ಸಾವಿರಗಟ್ಟಲೆ,
ನಮ್ಮ ಸಾಲಿನ ಖೋಲಿಗಳಂಗ
ಒಂದ ಗ್ವಾಡಿ ಇಬ್ಬರು ಹಂಚಿಕೊಂಡು ಸುಣ್ಣದ ಮನಿ ಕಟ್ಟತಾವ.
ಒಳಗ ಬಾಡಿಗಿ ಕೊಡದ ಒಂದು ಪಾಚಿ,
ಬಿಸಲಾಗ ಅಡಗಿ ಮಾಡಿ ಉಣಸತೈತಿ.
ಬಣ್ಣಾನೂ ಅದರದ.

ಹ್ವಾದ ಮೇ ತಿಂಗಳು, ಹಂಗಾಮು ಮುಗಿಯೂದಕ್ಕ ನಾಕು ದಿನ ಇದ್ದಾಗ,
ನಮ್ಮ ಮನಿಯವರನ್ನ ಕೂಡಿಸಿಕೊಂಡು ಹ್ವಾದೆ.
ರುದ್ರವ್ವ ಡಬ್ಬಿಯಾಗ ರೊಟ್ಟಿ ಕಟ್ಟಿದ್ದಳು.
ಕೊಂಕಣಿಯೊಳಗ ಎಣಸೂ ಮಗಳು ತನುಜಾ
ಏಕ್, ದೋನ್, ತೀನ್ ಅಂತ ಮೀನು ಎಣಿಸಿದಳು,
ಏಳಕ್ಕ ನಿಂತಿತು.
'ಅಪ್ಪಾ, ಎಲ್ಲಾ ಬೆಳ್ಳಗ ಅದಾವ. ಎಷ್ಟ್ ಚಂದ!'

ಹೇಳಬೇಕಾತು.
ನೀರು ಕಾದೈತವ್ವ. ಒಂದು ಡಿಗ್ರಿ, ಒಂದೂವರಿ.
ನಮಗದು ಲೆಕ್ಕಕ್ಕಿಲ್ಲ, ಅದಕ್ಕ ತಡಿಯಂಗಿಲ್ಲ;
ಪಾಚಿ ಮನಿ ಬಿಡತೈತಿ, ಒಲಿ ಆರತೈತಿ.
ಇವು ಸತ್ತಿಲ್ಲ ಇನ್ನಾ. ಹಸದಾವ.

ನಮ್ಮವ್ವ ಬೌರವ್ವ ಬಕೆಟ್ಟಿನಾಗ ಬಗ್ಗಿದ್ದಳು,
ಅಕಿ ಕೊರಳಾನ ಹವಳದ ಸರ ಗಾಜಿಗೆ ಟಕ್, ಟಕ್.
'ಆಯಿ, ಇದೂ ಜೀವ ಇತ್ತಾ?'
ಇತ್ತು. ಬ್ಯಾರೆ ಸಮುದ್ರದ್ದು.

'ಮೈಯಾಗ ಜ್ವರ ಇದ್ದರ ಕೊರಳಾನ ಹವಳ ಬಿಳಚತೈತಿ,
ನಮ್ಮವ್ವ ಹೇಳತಿದ್ದಳು,' ಅಂದಳು ಮುದುಕಿ
ಬಕೆಟ್ಟಿನೊಳಗಿಂದ, ದನಿ ದೊಡ್ಡದಾಗಿ.
'ಇದು ಯಾರ ಕೊರಳೋ?'

ಯಾರೂ ಏನೂ ಅನಲಿಲ್ಲ.
ಅಕಿ ಸೀರಿ ಸೆರಗು ಸೊಂಟಕ್ಕ ಸಿಕ್ಕಿಸಿ
ಮುಂಗೈ ತಿರುವಿ, ಕೂಸಿನ ಹಣಿ ಮುಟ್ಟಿ ನೋಡಿದಂಗ
ನೀರು ಮುಟ್ಟಿದಳು. ಬಹಳ ಹೊತ್ತು.

ಹೊಳ್ಳಿ ಬರೂವಾಗ ಎಂಜಿನ್ನಿನ ಹಗ್ಗ ಮೂರು ಸಲ ಜಗ್ಗಿದೆ.
ಹೊಗಿ ಬಂತು. ತನುಜಾ ಹೊಗಿ ನೋಡಿದಳು,
ಆಮ್ಯಾಲೆ ನನ್ನ.

ಅಕ್ಟೋಬರಿನಾಗ ಮತ್ತ ದೋಣಿ ಬಿಟ್ಟೀವಿ.
ಕೆಲವು ಕಂದು ತಿರಗ್ಯಾವ,
ಕೆಲವುಕ್ಕ ಕೂದಲಂಥ ಪಾಚಿ ಬೆಳದೈತಿ, ಒಳಗಿಂದಲ್ಲ, ಮ್ಯಾಲಿಂದು.
ಸಂಜಿಕೆ ಕಾಲು ತೊಳಕೊಳ್ಳೂ ಮೊದಲ
'ಇವತ್ತ ಹೆಂಗ ಅದಾವೋ?' ಅಂತ ಕೇಳತಾಳ ಅವ್ವ,
ದವಾಖಾನಿಯಾಗಿನ ಬೀಗರನ್ನ ಕೇಳಿದಂಗ.

ಅರ್ಧ ಹೇಳತೀನಿ.