ಸ್ಥಳೀಯ ಪರಿಚಿತರು

ಏರ್‌ಪೋರ್ಟಿನಲ್ಲೇ ತಗೋಬಾರದಿತ್ತೇ ಎಂದೆ, ಅರ್ಧ ಕೈಸನ್ನೆಯಲ್ಲಿ.
ಕೌಂಟರಿನವ ಊಟಕ್ಕೆ ಹೋಗಿದ್ದನಂತೆ,
ಟ್ಯಾಕ್ಸಿಯವನಿಗೆ ಅವಸರವಂತೆ.
ದೇವನಹಳ್ಳಿ ದಾಟಿದ್ದೇ ಅವಳ ಫೋನು ಬರೀ ಗಡಿಯಾರ,
ಅದೂ ತಾಷ್ಕೆಂಟಿನದು,
ನಮಗಿಂತ ಅರ್ಧ ಗಂಟೆ ಹಿಂದೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೆದುರು
ನನ್ನದೊಂದು ಛತ್ರಿ, ಒಂದು ಸ್ಟೂಲು, ಬೆರಳಚ್ಚಿನ ಯಂತ್ರ.
ಪರದೇಶದ ಪಾಸ್‌ಪೋರ್ಟು ಮುಟ್ಟಿದ್ದು ಇದೇ ಮೊದಲು.
ವೇಲಿನ ಅಂಚಿಗೆ ಅಂಗೈ ಒರೆಸಿ ತಗೊಂಡೆ.

ದಿಲ್ನೋಜಾ. ಅವಳೂರಿನಲ್ಲೂ ರೇಷ್ಮೆಯಂತೆ.
ತಂದೆಯ ಹೆಸರು? ಬರೆದಳು,
ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿದಳು.
ತಂಗುವ ವಿಳಾಸ? ಬಸ್‌ಸ್ಟ್ಯಾಂಡಿನ ಹಿಂದಿನ ಲಾಡ್ಜು.
ಸ್ಥಳೀಯ ಪರಿಚಿತರು?
ಪೆನ್ನು ನಿಂತಿತು.

ಈ ದೇಶದಲ್ಲಿ ನಿನ್ನನ್ನು ಬಲ್ಲವರು ಯಾರಾದರೊಬ್ಬರು,
ಒಂದು ಹೆಸರು, ಹತ್ತು ಅಂಕಿ.
ಟ್ಯಾಕ್ಸಿಯವನು ಆಗಲೇ ಹೋಗಿಬಿಟ್ಟಿದ್ದ.
ಮಾರುವವಳ ನಂಬರು ನಡೆಯೋದಿಲ್ಲ, ಯಂತ್ರಕ್ಕೆ ನಾನು ಗೊತ್ತು.
ಬರೆದೆ: ಮುನಿಲಕ್ಷ್ಮಮ್ಮ.
ಸಂಬಂಧ ಎಂಬಲ್ಲಿ ತಡೆದು, ಸ್ನೇಹಿತೆ ಅಂತ.

ಅಮ್ಮ ಆಗ ಹಬೀಬ್ ಸಾಬರ ಫಿಲೇಚರಿನಲ್ಲಿ,
ಬಿಸಿನೀರಿನ ಬೇಸಿನ್ನಿನೊಳಗೆ ಎರಡೂ ಕೈ.
ಓಟಿಪಿಗೆ ಹತ್ತೇ ನಿಮಿಷ ಆಯಸ್ಸು.
ಮೂರನೇ ಸಲಕ್ಕೆ ಎತ್ತಿದಳು.
ನಿನ್ನ ಸ್ನೇಹಿತೆ ಬಂದಿದ್ದಾಳೆ, ಮೆಸೇಜು ಓದಮ್ಮ ಅಂದೆ.
ನಂಗೆಲ್ಲಿದಾಳೆ ಕಣೇ ಸ್ನೇಹಿತೆ, ಅಂದಳು.

ಅಕ್ಷರ ಅವಳಿಗೆ ಬಾರದು. ಅಂಕಿ ಬರುತ್ತದೆ,
ಕೂಲಿ ಎಣಿಸಿ ಕಲಿತದ್ದು, ತೆಲುಗಿನಲ್ಲಿ.
ಸ್ಪೀಕರಿನಲ್ಲಿ ಚರಕದ ಸದ್ದಿನ ಸಂದಿನಿಂದ:
ಏಡು. ರೆಂಡು. ಸುನ್ನಾ.
ತಡಿಯೇ, ಎಳೆ ಕಡೀತು.
ತುದಿ ಹುಡುಕಿ, ಸೇರಿಸಿ, ಮತ್ತೆ
ಸುನ್ನಾ. ನಾಲುಗು. ತೊಮ್ಮಿದಿ.

ನಾನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಒತ್ತಿದೆ.
ದಿಲ್ನೋಜಾ ತುಟಿಯಲ್ಲೇ ಏನೋ ಎಣಿಸುತ್ತಿದ್ದಳು.

ಚಾಲೂ ಆಗೋದು ತಡ ಎಂದೆ.
ನನ್ನ ಸ್ಟೂಲಿನ ಮೇಲೆ ಕೂತಳು, ನಾನು ನಿಂತೆ.
ಹರಾಜು ಮುಗಿದು ಗೂಡಿನ ಮೂಟೆಗಳು ಆಟೋ ಹತ್ತಿದವು.
ಕಡಲೆಕಾಯಿ ತಿಂದೆವು. ಸಿಪ್ಪೆ ಎಲ್ಲಿ ಹಾಕಲಿ ಎಂದು
ಅವಳು ಸುತ್ತ ಹುಡುಕಿ, ಕೊನೆಗೆ ತನ್ನ ಜೇಬಿಗೇ ಹಾಕಿಕೊಂಡಳು.

ನಾಲ್ಕರ ಹೊತ್ತಿಗೆ ಒಂದು ಗೀಟು, ಆಮೇಲೆ ಮೂರು.
ಗಡಿಯಾರ ಅರ್ಧ ಗಂಟೆ ಮುಂದಕ್ಕೆ ಜಿಗಿಯಿತು.
ಮೊದಲ ಕರೆ ಮನೆಗಿರಬೇಕೆಂದು ನಾನು ಆಚೆ ತಿರುಗಿದೆ.

ಅವಳು ಫಾರಮ್ಮು ನೋಡಿಕೊಂಡು ಹತ್ತು ಅಂಕಿ ಒತ್ತಿದಳು.
ಅದೇ ಚರಕ, ಅದೇ ನೀರು.
ಎವರೂ? ಎಂದಳು ಅಮ್ಮ.
ದಿಲ್ನೋಜಾಗೆ ನಮ್ಮೂರಿನ ಮಾತು ಬರುತ್ತಿದ್ದದ್ದು ಒಂದೇ.
ಸುನ್ನಾ, ಅಂದಳು.

ಆ ಕಡೆ ಒಂದು ಕ್ಷಣ ಬರೀ ನೀರು.
ಆಮೇಲೆ ಅಮ್ಮ, ಕೆಲಸ ನಿಲ್ಲಿಸದೆಯೇ:
ಆಁ, ತರುವಾತ?