ಪುರಸಭೆಯ ಬೂದು

ವಾಲ್ಪರೈಸೊದ ಗೋಡೆಗಳಿಗೆ ಬೂದು ಬಳಿಯುವುದು
ಹನ್ನೊಂದು ವರ್ಷದಿಂದ ನನ್ನ ಕೆಲಸ.
ರಾತ್ರಿ ಯಾರೋ ಬರೆಯುತ್ತಾರೆ;
ಬೆಳಿಗ್ಗೆ ಏಳಕ್ಕೆ ನಾನೂ ಅನ್ಸೆಲ್ಮೊನೂ
ಡಬ್ಬ ಹೊತ್ತು ಗುಡ್ಡದ ಮೆಟ್ಟಿಲು ಹತ್ತುತ್ತೇವೆ.
ಗೋಡೆಗೆ ಕಿವಿಯಿದೆ ಅಂತಾರೆ, ಇರಬಹುದು.
ನಮ್ಮ ಪಾಲಿಗೆ ಬಂದದ್ದು ಬಾಯಿ.

ಬೂದು ಅಂದರೆ ಒಂದೇ ಬೂದಲ್ಲ.
ಟೆಂಡರು ಬದಲಾದಂತೆ ಅದೂ ಬದಲು:
ಒಮ್ಮೆ ಪಾರಿವಾಳದ ಕತ್ತು, ಒಮ್ಮೆ ಹಳೇ ಸೀಸ,
ಚುನಾವಣೆಯ ವರ್ಷ ನೀರು ಜಾಸ್ತಿ.
ಎಲ್ಲೆಲ್ಲಿ ಮುಚ್ಚಿದ್ದೇವೆ ಅನ್ನುವುದು
ಬಂದರಿಗೆ ಬರುವ ಹಡಗಿನಿಂದಲೇ ಕಾಣುತ್ತದೆ.

ಮಾರ್ಚಿನಲ್ಲಿ ಹಸಿಂತಾ ಎಂಬ ಹುಡುಗಿ ಬಂದಳು,
ಮೂರು ಕಾಲಿನ ಕ್ಯಾಮೆರಾ, ಮೆತ್ತನೆ ಮಾತು.
ನಮ್ಮ ಚೌಕಗಳ ಫೋಟೊ ತೆಗೆದಳು,
ಬರೆದದ್ದರದಲ್ಲ, ಬಳಿದದ್ದರದು.
"ಇದು ಚಿತ್ರ. ನೀವು ಚಿತ್ರಕಾರರು" ಅಂದಳು.
ಅನ್ಸೆಲ್ಮೊ ಬಿದ್ದು ಬಿದ್ದು ನಕ್ಕ.
ಆಮೇಲೆ ಆ ವಾರವೆಲ್ಲ
ಅಂಚು ನೇರ ಬರಲೆಂದು ಟೇಪು ಹಚ್ಚಿದ.

ಪ್ರದರ್ಶನಕ್ಕೆ ಕರೆದರು, ಹೋದೆವು.
ಬಿಳಿ ಗೋಡೆ, ತೆಳ್ಳನೆ ಗ್ಲಾಸು, ಮೇಲಿನಿಂದ ಬೆಳಕು.
ಹೆಸರಿಲ್ಲ ಒಂದು, ಹೆಸರಿಲ್ಲ ಎರಡು, ಹೀಗೇ ಹದಿನಾಲ್ಕು.
ಮಂದಿ ಹಿಂದೆ ಸರಿದು, ತಲೆ ಓರೆ ಮಾಡಿ
"ಎಂಥಾ ಮೌನ" ಅನ್ನುತ್ತಿದ್ದರು.
ಚೆಂದವಿತ್ತು. ಸುಳ್ಳು ಯಾಕೆ ಹೇಳಲಿ,
ನನ್ನ ಕೈಕೆಲಸ ಇಷ್ಟು ಚೆಂದವೆಂದು
ನನಗೇ ಗೊತ್ತಿರಲಿಲ್ಲ.

ಏಳರ ಮುಂದೆ ನಿಂತಾಗ ಮಾತ್ರ ಕಾಲು ಏಳಲಿಲ್ಲ.
ಅದು ಕೊರ್ದಿಯೆರಾ ಗುಡ್ಡದ ಬೇಕರಿ ಗೋಡೆ.
ಅದರಡಿ ಒಂದು ಹೆಣ್ಣುಹೆಸರು, ಒಂದು ತಾರೀಖು,
ಕಣ್ಣಿಗೆ ಗುಂಡು ಹೊಡೆದವರ
ಕಣ್ಣು ಎಲ್ಲಿತ್ತು ಎಂಬ ಪ್ರಶ್ನೆ.
ಬರೆದದ್ದು ಇನ್ನೂ ಹಸಿಯಿತ್ತು ಅವತ್ತು.
ರೋಲರಿಗೆ ಕೆಂಪು ಹತ್ತಿ
ಬೂದಿನ ಒಂದು ಮೂಲೆ ಗುಲಾಬಿಯಾಗಿತ್ತು.

ಆ ಗುಲಾಬಿಯನ್ನೇ ಒಬ್ಬರು ಬಾಯ್ತುಂಬ ಹೊಗಳುತ್ತಿದ್ದರು.
"ಎಷ್ಟು ಸಂಯಮ, ನೋಡಿ, ಇಲ್ಲಿ."

ಹಸಿಂತಾಳನ್ನು ಬಾಗಿಲ ಬಳಿ ಹಿಡಿದು ಕೇಳಿದೆ:
ಕೆಳಗೆ ಏನಿತ್ತೆಂದು ಒಂದು ಚೀಟಿ ಹಚ್ಚಬಾರದೆ?
"ಹಚ್ಚಿದರೆ ಚೀಟಿ ಓದುತ್ತಾರೆ," ಅಂದಳು,
"ಆಮೇಲೆ ಯಾರೂ ನೋಡುವುದಿಲ್ಲ."
ಅವಳು ಹೇಳಿದ್ದು ಸರಿಯೇ ಇರಬೇಕು.
ಅಲ್ಲಿಂದ ಇಳಿದು ಬರುವಾಗ ಇಡೀ ದಾರಿ
ಅದಕ್ಕೊಂದು ಉತ್ತರ ಹುಡುಕಿದೆ. ಸಿಗಲಿಲ್ಲ.

ಈಗ ಚುನಾವಣೆಯಿಲ್ಲ, ಟೆಂಡರೂ ಅದೇ.
ಡಬ್ಬಕ್ಕೆ ನೀರು ಮಾತ್ರ
ನಾನೇ ಒಂದು ಚೊಂಬು ಹೆಚ್ಚು ಹಾಕುತ್ತೇನೆ.
ಒಣಗಿದ ಮೇಲೆ, ಸಂಜೆಯ ಓರೆ ಬಿಸಿಲಿಗೆ,
ಬೇಕೆಂದವರಿಗೆ ಅಕ್ಷರ ಸಿಗುತ್ತದೆ.
ಅನ್ಸೆಲ್ಮೊ ನೋಡಿಯೂ ನೋಡದವನ ಹಾಗೆ
ಹಲ್ಲಿನಿಂದ ಟೇಪು ಹರಿದು
ಅಂಚಿಗೆ ಹಚ್ಚುತ್ತಾನೆ, ನೇರಕ್ಕೆ.