ಮೆಟ್ಟಿಲ ಕೆಳಗಿನ ಕತ್ತಲು

ಮರಿಯಣ್ಣಪಾಳ್ಯದ ನಮ್ಮ ಮನೆಗೆ
ಇರುವುದು ಒಂದೇ ಒಂದು ತಂಪು ಜಾಗ,
ಮೆಟ್ಟಿಲ ಕೆಳಗೆ, ಮೂರಡಿ ಅಗಲ, ಬಗ್ಗಿಯೇ ಹೋಗಬೇಕು.
ಅದಕ್ಕೆ ಇಬ್ಬರು ಒಡತಿಯರು.

ಕೆಳಮನೆ ನನ್ನ ವಾರಗಿತ್ತಿ ರೆಜಿನಮ್ಮನದು.
ಅಕ್ಟೋಬರ್ ಬಂತೆಂದರೆ ಹೆಬ್ಬಾಳದ ಗಾಡಿಯವನಿಂದ
ಎಂಟು ಕೇಜಿ ನೀಲಿ ದ್ರಾಕ್ಷಿ,
ಒಂದೊಂದನ್ನೂ ಮಗುವಿನ ಕಿವಿ ಒರೆಸಿದಂತೆ ಒರೆಸಿ
ಭರಣಿಗೆ ಹಾಕಿ, ಸಕ್ಕರೆ ಸುರಿದು, ಒಂದು ಹಿಡಿ ಗೋಧಿ,
ಬಾಯಿಗೆ ಬಿಳಿ ಬಟ್ಟೆ.
ಇಪ್ಪತ್ತೊಂದು ದಿನ ಈ ಮನೆಯಲ್ಲಿ
ಯಾರೂ ದಡಾರನೆ ಬಾಗಿಲು ಹಾಕುವಂತಿಲ್ಲ.

ತಾರಸಿ ನನ್ನದು.
ಪೇಂಟ್ ಡಬ್ಬ, ಒಡೆದ ಸಿಂಕು, ಚೌರಪ್ಪನ ಹಳೇ ಸ್ಕೂಟರಿನ ಡಿಕ್ಕಿ,
ಮಣ್ಣು ಹಿಡಿಯುವ ಯಾವುದನ್ನೂ
ಗುಜರಿಗೆ ಕೊಟ್ಟವಳಲ್ಲ ನಾನು.

ಎಷ್ಟು ದಿನ ಇರುತ್ತೆ, ಎಂದು ಕೇಳುತ್ತಾರೆ
ಕೈಚೀಲ ತುಂಬಿಸಿಕೊಂಡು ಇಳಿಯುವ ನೆಂಟರು.
ದಂಟಿನ ಸೊಪ್ಪು ಸಂಜೆಯವರೆಗೆ,
ಆಮೇಲೆ ಅದು ನಿಮ್ಮ ಮುಖ ನೋಡುವುದಿಲ್ಲ.
ಕೊತ್ತಂಬರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದರೆ, ನಾಡಿದ್ದು.
ಬೆಂಡೆ ಮೊದಲ ದಿನ ಮುರಿಯುತ್ತೆ,
ಮೂರನೇ ದಿನ ಬಾಗುತ್ತೆ.
ಟೊಮೆಟೊ ಫ್ರಿಜ್ಜಿನಲ್ಲಿ ಇರುತ್ತೆ,
ಟೊಮೆಟೊ ಆಗಿ ಇರುವುದಿಲ್ಲ.
ಸೀಮೆಬದನೆ ಒಂದು ತಿಂಗಳು ಸುಮ್ಮನೆ ಕೂತಿದ್ದು
ಒಂದು ಬೆಳಿಗ್ಗೆ ನಾಲಿಗೆ ಚಾಚಿ ಚಪ್ಪರ ಕೇಳುತ್ತೆ.
ಬೂದುಗುಂಬಳ ಮಾತ್ರ
ತೊಟ್ಟು ಉಳಿಸಿ ಕೊಯ್ದು, ಬೂದಿ ಒರೆಸದೆ,
ಹಗ್ಗದಲ್ಲಿ ತೂಗುಹಾಕಿದರೆ
ದಸರೆಯಿಂದ ಈಸ್ಟರಿನ ತನಕ.

ತೂಗುಹಾಕುವುದೆಲ್ಲಿ? ಅದೇ ಮೆಟ್ಟಿಲ ಕೆಳಗೆ.
ಅವಳ ಸೀಸೆಗಳ ನೆತ್ತಿಯ ಮೇಲೆ ನನ್ನ ಕುಂಬಳ.
ಬಿದ್ದರೆ? ಎಂದು ಅವಳು.
ನಿನ್ನ ಮುಚ್ಚಳ ಸಿಡಿದರೆ? ಎಂದು ನಾನು.
ಈರುಳ್ಳಿ ಆಲೂಗಡ್ಡೆ ಒಂದೇ ಬುಟ್ಟಿಗೆ ಹಾಕಬಾರದು,
ಒಂದರ ಉಸಿರಿಗೆ ಇನ್ನೊಂದು ಕೆಡುತ್ತೆ ಎಂದು
ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿಕೊಟ್ಟಿದ್ದರು,
ನಮ್ಮಿಬ್ಬರನ್ನೂ ಒಂದೇ ಅಡುಗೆಮನೆಗೆ ಹಾಕಿ.

ಹೋದ ಏಪ್ರಿಲ್ಲಿನಲ್ಲಿ ಗೋಡೆ ಕೂಡ ಬೆವರಿತು.
ಈ ಊರಿಗೆ ಫ್ಯಾನು ಯಾಕೆ ಎನ್ನುತ್ತಿದ್ದ ಭಾವ ಇನ್ನಾಸಪ್ಪ
ಚಾಪೆಯನ್ನೂ ಬಿಟ್ಟು ಬರಿ ನೆಲದಲ್ಲಿ ಮಲಗಿದರು.
ಕತ್ತಲಿಗೂ ಜ್ವರ.
ರಾತ್ರಿ ಎರಡಕ್ಕೆ ಮೂರು ಸೀಸೆ
ಒಂದರ ಹಿಂದೊಂದು ಠಪ್ಪೆಂದವು.
ಅವಳು ಟಾರ್ಚ್ ಹಿಡಿದು ಬಂದಳು, ನಾನು ಒರೆಸುವ ಬಟ್ಟೆ.
ಕುಂಬಳದ ಬೂದಿಯ ಮೇಲೆ ಕೆಂಪು ಇಳಿಯುತ್ತಿತ್ತು.
ಒಬ್ಬರಿಗೇ ಸಾಲದಲ್ಲಿ ಇಬ್ಬರೂ ಬಗ್ಗಿ ನುಗ್ಗಿದೆವು,
ಅವಳ ಮೊಣಕೈ ನನ್ನ ಪಕ್ಕೆಗೆ.

ಹಿಂದೆ, ಗೋಡೆಗೆ ಒರಗಿ, ಇನ್ನೊಂದು ಸೀಸೆ.
ಮುಚ್ಚಳಕ್ಕೆ ಮೇಣ. ಚೀಟಿಯಲ್ಲಿ ರೆಜಿನಮ್ಮನ ಕೋಳಿಕಾಲು ಅಕ್ಷರ,
ನನ್ನ ಮಗಳು ಲೀಡಿಯಾಳ ಜ್ಞಾನಸ್ನಾನದ ತಾರೀಖು.
ಅವಳ ಮದುವೆಗೆ ಅಂತ ಎತ್ತಿಟ್ಟಿದ್ದೆ, ಅಂದಳು,
ಟಾರ್ಚನ್ನು ಬೇರೆ ಕಡೆ ತಿರುಗಿಸಿ.
ಲೀಡಿಯಾ ಯಶವಂತಪುರದಲ್ಲಿ ದನ ನಾಯಿಗಳ ಡಾಕ್ಟರು,
ಮದುವೆಯ ಮಾತೆತ್ತಿದರೆ ಫೋನ್ ಇಡುತ್ತಾಳೆ.

ಇಪ್ಪತ್ತಾರು ವರ್ಷ. ಇರುತ್ತಾ? ಅಂದೆ.
ಉತ್ತರವಿಲ್ಲ. ಚಾಕುವಿನಲ್ಲಿ ಮೇಣ ಕೆರೆದಳು.
ಮೊದಲ ಚಮಚ ನನಗೆ.
ಹಲ್ಲಿನ ಬೇರಿಗೆ ಇಳಿಯುವ ಹುಳಿ,
ಕಣ್ಣು ತಾನಾಗಿ ಮುಚ್ಚಿತು.
ಅವಳೂ ನೆಕ್ಕಿದಳು, ಮುಖ ಕಿವುಚಿದಳು,
ತುಂಬ ಹೊತ್ತಾದ ಮೇಲೆ ಹೇಳಿದಳು:
ಹುಳಿಯಾಗಿದೆ. ಕೆಟ್ಟಿಲ್ಲ.

ಬೆಳಗಾಗುತ್ತಲೇ ತಾರಸಿಯಿಂದ
ಹಸಿಮೆಣಸು, ಎಳೇ ಸೀಮೆಬದನೆ, ಮೂಲಂಗಿ,
ಬಾಗಿದ ಎರಡು ಬೆಂಡೆಯನ್ನೂ ಬಿಡದೆ ತಂದೆ.
ಅವಳು ಹೆಚ್ಚಿದಳು. ನಾನು ಉಪ್ಪು ಹಾಕಿದೆ.
ಜಾಸ್ತಿಯಾಯಿತು ಎಂದಳು.
ಆಗಿರಲಿಲ್ಲ.
ಮೇಲೆ ಇಪ್ಪತ್ತಾರು ವರ್ಷವನ್ನು ಸುರಿದೆವು, ಮುಳುಗುವಷ್ಟು.

ಎಷ್ಟು ದಿನ ಇರುತ್ತೋ. ಭಾನುವಾರ ಲೀಡಿಯಾ ಬರುತ್ತಾಳೆ,
ಮೊಸರನ್ನಕ್ಕೆ ಅರ್ಧ ಭರಣಿ ಬೇಕು ಅವಳಿಗೆ.
ಅಷ್ಟರೊಳಗೆ ಚೀಟಿ ಅಂಟಿಸಬೇಕು.
ಯಾವ ತಾರೀಖು ಬರೆಯುವುದು ಎಂದು
ಮೆಟ್ಟಿಲ ಮೇಲೆ ಕೂತು
ಇನ್ನೂ ಜಗಳವಾಡುತ್ತಿದ್ದೇವೆ.